ಪಿ.ಟಿ. ಮೇಡಂ ಮತ್ತು ತೂತಿನ ರಟ್ಟು

ನಮ್ಮ ಬೀದಿಯಲ್ಲಿ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಒಂದು ವಿಜಲ್ ಕೇಳಿಸುತ್ತಿತ್ತು. ಗೋವಿಂದರಾಜನಗರಕ್ಕೆ ಹೊಸದಾಗಿ ಬಾಡಿಗೆಗೆ ಬಂದವರು ಟ್ರಾಫಿಕ್ ಪೊಲೀಸರೆಂದುಕೊಂಡು ಹೆಲ್ಮೆಟ್ ಹುಡುಕುತ್ತಿದ್ದರು. ಹಳಬರು ಮಾತ್ರ ಎದ್ದು ಹೋಗಿ ಟೀವಿಯ ಸದ್ದನ್ನು ಸ್ವಲ್ಪ ಜೋರು ಮಾಡುತ್ತಿದ್ದರು. ಹೌದು, ಜೋರು. ಹಾಗೆ ಮಾಡಬೇಕೆಂದು ಪಿ.ಟಿ. ಮೇಡಂ ಮನೆಮನೆಗೂ ಬಂದು ಹೇಳಿ ಹೋಗಿದ್ದರು.

"ಪರೀಕ್ಷೆ ದಿನ ಪಕ್ಕದ ಛತ್ರದಲ್ಲಿ ಮದುವೆ ಇದ್ರೆ ವಾಲಗದೋರು ಬಾಯಿ ಮುಚ್ಕೊಂಡು ಕೂತಿರ್ತಾರಾ?" ಎಂಬುದು ಅವರ ಪ್ರಶ್ನೆ.

ಅವರಿಗೆ ಒಂದು ಹೆಸರಿತ್ತು. ಅದು ಅವರಿಗೂ ಬ್ಯಾಂಕಿಗೆ ಹೋದಾಗ ಮಾತ್ರ ನೆನಪಾಗುತ್ತಿತ್ತು. ಹೈಸ್ಕೂಲೊಂದರಲ್ಲಿ ವ್ಯಾಯಾಮದ ಟೀಚರಾಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಷೂ, ಸೆರಗಿನ ಒಳಗೆ ವಿಜಲ್. ಮನೆ ಕಟ್ಟಿಸುವಾಗ ಕೆಳಗೆ ಕಾರಿಗೆಂದು ಜಾಗ ಬಿಡಿಸಿದ್ದರು. ಕಾರು ಕೊಳ್ಳಲೇ ಇಲ್ಲ. ಆ ಜಾಗದಲ್ಲಿ ಹಳೆಯ ಶಾಲಾ ಬೆಂಚುಗಳನ್ನು ಹಾಕಿಸಿ, ನೀಟ್ ಬರೆಯುವ ಬೀದಿಯ ಮಕ್ಕಳಿಗೆ ಪ್ರತಿ ಭಾನುವಾರ ಅಭ್ಯಾಸದ ಪರೀಕ್ಷೆ ನಡೆಸುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಲ್ಲಿ ಇಲ್ಲಿ ಹೊಂದಿಸಿ ಮಾಗಡಿ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿಕೊಂಡು ಬರುವರು. ಕೋಚಿಂಗಿಗೆ ಹೋಗಲಾಗದ ಮಕ್ಕಳೇ ಹೆಚ್ಚು ಬರುತ್ತಿದ್ದುದು. ಅವರಲ್ಲಿ ನನ್ನ ತಂಗಿ ರೇಖಾಳೂ ಒಬ್ಬಳು.

ತಮಾಷೆಯೆಂದರೆ ಮೇಡಂಗೆ ವಿಜ್ಞಾನ ಬರುತ್ತಿರಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. "ತಲೆ ಒಳಗಿಂದು ನಿಮ್ಮ ಲೆಕ್ಚರರ್‌ಗಳು ನೋಡ್ಕೋತಾರೆ. ಸೊಂಟ, ಬೆನ್ನು, ಹೊಟ್ಟೆ, ಇವು ನನ್ನ ಸಬ್ಜೆಕ್ಟು" ಎನ್ನುವರು. ಅವರ ಪ್ರಕಾರ ಡಾಕ್ಟರಾಗಲು ಮೊದಲು ಬೇಕಾದದ್ದು ಮೂರು ಗಂಟೆ ಅಲುಗಾಡದೆ ಕೂರುವ ಶಕ್ತಿ. ಹನ್ನೊಂದೂವರೆಗೆ ಮೊಸರನ್ನ, ಆಮೇಲೆ ಮಜ್ಜಿಗೆ ಕೂಡ ಇಲ್ಲ. ಬಾಗಿಲಲ್ಲಿ ತಪಾಸಣೆ: ಕಿವಿಯೋಲೆ ಬಿಚ್ಚು, ಜಡೆಯ ಪಿನ್ನು ತೆಗಿ, ಷೂ ಹೊರಗೆ ಬಿಡು. ಬೇಕೆಂದೇ ಒಂದು ಬೆಂಚಿನ ಕಾಲನ್ನು ಗಿಡ್ಡ ಮಾಡಿಸಿದ್ದರು. ವಾರಕ್ಕೊಬ್ಬರು ಆ ಕುಂಟು ಬೆಂಚಿನಲ್ಲಿ ಕೂರಬೇಕು. ಕಡೆಯ ಅರ್ಧ ಗಂಟೆ ನಾನು ನನ್ನ ಹೊಲಿಗೆ ಮಿಷನ್ನನ್ನು ಅಲ್ಲಿಗೇ ತಂದು ಮಕ್ಕಳ ಬೆನ್ನ ಹಿಂದೆ ಓಡಿಸಬೇಕು. ಅದೂ ಎಣ್ಣೆ ಬಿಡದೆ.

ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಒಂಬತ್ತನೇ ಕ್ಲಾಸಿನಲ್ಲಿ ಎರಡು ಸಲ ಕೂತು, ಮೂರನೇ ಸಲ ಹೊಲಿಗೆ ಮಿಷನ್ನಿನ ಮುಂದೆ ಕೂತವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬ್ಲೌಸು, ಚೂಡಿದಾರ್, ಫಾಲ್ಸು, ಪಿಕೊ. ಬರುವ ಗಿರಾಕಿಗಳಿಗೆಲ್ಲ ತಂಗಿ ಡಾಕ್ಟರಾಗುತ್ತಾಳೆ ಎಂದು ಹೇಳಿಯೇ ಟೇಪು ಹಿಡಿಯುತ್ತಿದ್ದೆ. ಸೊಂಟದ ಅಳತೆ ಕೊಡಲು ಉಸಿರು ಬಿಗಿಹಿಡಿದು ನಿಂತವರು ಬೇರೆ ಏನು ಮಾಡಿಯಾರು, ತಲೆಯಾಡಿಸುವರು. ಆಮೇಲಾಮೇಲೆ ಅವರೇ, ಈ ಭಾನುವಾರ ತಂಗಿಗೆ ಎಷ್ಟು ಬಂತು ಎಂದು ಕೇಳುವುದು ರೂಢಿಯಾಯಿತು.

ಇಂಥ ನನ್ನನ್ನು ಮೇಡಂ ಪರೀಕ್ಷಕಿ ಮಾಡಿದರು.

ಅವರದೊಂದು ನಿಯಮವಿತ್ತು. ಬರೆದವರು ತಮ್ಮ ಹಾಳೆಯನ್ನು ತಾವೇ ತಿದ್ದಬಾರದು. ಮಕ್ಕಳು ಪರಸ್ಪರ ತಿದ್ದಿದರೆ ಜಗಳ. ಮೇಡಂ ಕಣ್ಣಿಗೆ ಪೊರೆ ಬಂದು ಉತ್ತರದ ಚಿಕ್ಕ ಸುನ್ನೆಗಳು ಒಂದರೊಳಗೊಂದು ಸೇರಿಹೋಗುತ್ತಿದ್ದವು. ಒಂದು ದಿನ ಅಂಗಡಿಗೆ ಬಂದು, ನಾನು ಕಾಜ ಹಾಕುವುದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು.

"ಏನೇ ಟೈಲರಮ್ಮ, ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣುತ್ತಾ ನಿಂಗೆ?"

"ಕಾಣುತ್ತೆ ಮೇಡಂ."

"ಹಂಗಾದ್ರೆ ನಾಳಿದ್ದಿಂದ ನೀನೇ ಪೇಪರ್ ತಿದ್ದು."

ನನಗೆ ಎ, ಬಿ, ಸಿ, ಡಿ ಬರುತ್ತದೆ, ಅದರ ಮುಂದಿನದು ಕಷ್ಟ ಎಂದೆ. ನಾಲ್ಕೇ ಸಾಕು, ಅದಕ್ಕಿಂತ ಮುಂದಕ್ಕೆ ನೀಟಿನವರಿಗೂ ಬೇಡ ಎಂದರು.

ತೂತಿನ ರಟ್ಟು ನನ್ನದೇ ಉಪಾಯ. ಉತ್ತರದ ಹಾಳೆಯ ಅಳತೆಗೆ ವಾರಕ್ಕೊಂದು ರಟ್ಟು ಕತ್ತರಿಸಿ, ಹಳೆಯ ಪತ್ರಿಕೆಗಳ ಜೊತೆ ಅಚ್ಚಾಗಿ ಬರುವ ಉತ್ತರಪಟ್ಟಿ ನೋಡಿಕೊಂಡು, ಸರಿಯುತ್ತರ ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿ, ಬ್ಲೌಸಿನ ಬೆನ್ನ ದಾರಕ್ಕೆ ತೂತು ಹಾಕುವ ಪಂಚಿನಿಂದ ತೂತು ಹಾಕುತ್ತಿದ್ದೆ. ರಟ್ಟನ್ನು ಹಾಳೆಯ ಮೇಲಿಟ್ಟರೆ ಸರಿಯಾದವು ಮಾತ್ರ ತೂತಿನಲ್ಲಿ ಕಪ್ಪಗೆ ಕಾಣುತ್ತವೆ. ಅವನ್ನು ಎಣಿಸಿ ಒಂದಕ್ಕೆ ನಾಲ್ಕು ಅಂಕ. ಆಮೇಲೆ ರಟ್ಟನ್ನು ಎತ್ತಿ, ಅಡಿಯಲ್ಲಿ ಅಡಗಿದ್ದ ತಪ್ಪುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುನ್ನೆ ಸುತ್ತಿ, ಒಂದೊಂದಕ್ಕೂ ಒಂದು ಅಂಕ ಕಳೆಯಬೇಕು. ಸರಿಯುತ್ತರ ಯಾವುದೆಂದು ಮಾತ್ರ ಮಕ್ಕಳಿಗೆ ಹೇಳುವಂತಿಲ್ಲ. ಕೆಂಪು ಸುನ್ನೆ ಎಲ್ಲಿದೆಯೋ ಆ ಪಾಠವನ್ನು ಅವರೇ ಮತ್ತೆ ಓದಿ ಹುಡುಕಬೇಕು. "ಬಿದ್ದ ಜಾಗ ತೋರ್ಸು, ಎತ್ತಬೇಡ" ಎಂದು ಮೇಡಂ ಅಪ್ಪಣೆ. ಹಾಳೆ, ರಟ್ಟು ಎಲ್ಲ ಕಡೆಗೆ ಅವರ ಬೀರು ಸೇರುತ್ತಿದ್ದವು.

ನನ್ನ ರಟ್ಟನ್ನು ಅವರು ಬೀದಿಗೆಲ್ಲ ತೋರಿಸಿದರು. ನಾನೂ ಅಷ್ಟೇನು ದಡ್ಡಿಯಲ್ಲ ಎಂದು ನನಗೆ ಮೊದಲು ಅನ್ನಿಸಿದ್ದು ಆಗ. ಎಷ್ಟು ದಡ್ಡಿ ಎಂದು ಗೊತ್ತಾಗಲು ಇನ್ನೂ ಸ್ವಲ್ಪ ದಿನ ಇತ್ತು.

ಮೊದಲ ಭಾನುವಾರ ರೇಖಾಳ ಹಾಳೆಯ ಮೇಲಿಂದ ರಟ್ಟು ಎತ್ತಿ, ಮತ್ತೆ ಇಟ್ಟು, ಇನ್ನೊಂದು ಸಲ ಎಣಿಸಿದೆ. ಬೇರೆ ಮಕ್ಕಳಿಗಿಂತ ತೀರಾ ಕಡಿಮೆ. ಹಾಳೆಯ ತುಂಬ ಕೆಂಪು, ದಡಾರ ಎದ್ದ ಮಗುವಿನ ಹಾಗೆ. ಅವಳು ಅದನ್ನು ನೋಡಿ ಊಟ ಬಿಟ್ಟಳು. ಮಾರನೇ ದಿನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, "ನಂಗೂ ಫಾಲ್ಸ್ ಹಾಕೋದು ಹೇಳ್ಕೊಡಕ್ಕ, ನನ್ನ ಹಣೇಲಿ ಇರೋದು ಇದೇ" ಎಂದಳು. ಅವತ್ತು ಗಿರಾಕಿಯೊಬ್ಬರು ಎಂದಿನಂತೆ ಎಷ್ಟು ಬಂತೆಂದು ಕೇಳಿದಾಗ ನಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಮಾತು ಬಾರದವಳ ಹಾಗೆ ನಟಿಸಿದೆ.

ಮುಂದಿನ ಭಾನುವಾರ ಬೇರೆ ಮಕ್ಕಳ ಹಾಳೆಗಳನ್ನೆಲ್ಲ ನಿಯಮದಂತೆ ತಿದ್ದಿದೆ. ರೇಖಾಳದಕ್ಕೆ ಬಂದಾಗ ರಟ್ಟನ್ನು ಇಟ್ಟೆ, ಸರಿಯಾದವನ್ನು ಎಣಿಸಿದೆ, ಎತ್ತುವಾಗ ಕೈ ಅರ್ಧಕ್ಕೇ ನಿಂತಿತು. ಕೆಳಗಿನ ಒಂದೆರಡು ಸಾಲಿಗೆ ಕೆಂಪು ಸುತ್ತಿ, ಉಳಿದದ್ದನ್ನು ಮುಚ್ಚಿಬಿಟ್ಟೆ. ಸುತ್ತದೆ ಬಿಟ್ಟ ತಪ್ಪುಗಳನ್ನೆಲ್ಲ ಸರಿಯಾದವುಗಳ ಜೊತೆ ಸೇರಿಸಿ ಕೂಡಿದೆ. ಕೂಡುವುದರಲ್ಲಿ ನಾನು ಶಾಲೆಯಲ್ಲೂ ಚುರುಕು, ಕಳೆಯುವುದರಲ್ಲೇ ತೊಂದರೆ.

ಅವಳ ಮೇಲಿನ ಕರುಣೆಯಿಂದ ನಾನು ಹಾಗೆ ಮಾಡಿದೆ. ಬ್ಲೌಸು ಹೊಲಿಯುವಾಗ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತೇವೆ, ಮುಂದೆ ಬಿಗಿಯಾದರೆ ಬಿಚ್ಚಿಕೊಳ್ಳಲಿ ಎಂದು. ತಂಗಿಗೂ ಅಷ್ಟು ಜಾಗ ಬಿಟ್ಟೆ ಎಂದುಕೊಂಡೆ.

ಅವಳು ಅರಳಿದಳು. ಊಟ ಮಾಡಿದಳು. ಒಂದು ಸಲ ರುಚಿ ಕಂಡ ಕೈ ಮತ್ತೆ ನಿಲ್ಲಲಿಲ್ಲ. ವಾರವಾರಕ್ಕೂ ಅವಳ ಅಂಕ ಮೇಲಕ್ಕೆ ಹೋಯಿತು. ನಾನು ಗಿರಾಕಿಗಳ ಮುಂದೆ ಬಾಯಿಂದ ಪಿನ್ನು ತೆಗೆದೆ. ಒಂದು ವಾರ ಮೇಡಂ ಬೆಂಚಿನ ಮೇಲೆ ನಿಂತು ಅವಳಿಗೆ ಚಪ್ಪಾಳೆ ತಟ್ಟಿಸಿದರು. ಓಟದಲ್ಲಿ ಗೆದ್ದವರಿಗೆ ತಟ್ಟಿಸುವ ಹಾಗೆ, ಮೂರು ಸುತ್ತು.

ಒಂದು ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮೊಸಳೆಯ ಹೃದಯಕ್ಕೆ ಎಷ್ಟು ಕೋಣೆ ಎಂದು. ಮೊಸಳೆಗೆ ಹೃದಯವೂ ಇದೆಯೇ ಎಂಬ ಕುತೂಹಲಕ್ಕೆ ರೇಖಾಳನ್ನು ಕೇಳಿದೆ.

"ಇರದೆ ಏನಕ್ಕ? ಹಾವು, ಹಲ್ಲಿ ಥರಾನೇ ಅದಕ್ಕೂ. ಮೂರು ಕೋಣೆ."

ನನ್ನ ರಟ್ಟಿನಲ್ಲಿ ತೂತು ಇದ್ದದ್ದು ನಾಲ್ಕು ಎಂಬಲ್ಲಿ. ಅವಳ ಕಪ್ಪು ಚುಕ್ಕೆ ಮೂರು ಎಂಬಲ್ಲಿ, ರಟ್ಟಿನ ಅಡಿಯಲ್ಲಿ, ತೆಪ್ಪಗೆ ಕೂತಿತ್ತು. ಕೆಂಪು ಪೆನ್ನು ಕೈಯಲ್ಲೇ ಇತ್ತು. ನಾನು "ಓಹೋ" ಎಂದೆ.

ಪರೀಕ್ಷೆಗೆ ಕೆಂಗೇರಿಯ ಹತ್ತಿರದ ಒಂದು ಕಾಲೇಜು ಬಂತು. ಮೇಡಂ ಅದರ ಹಿಂದಿನ ವಾರವೇ ಅವಳನ್ನು ಮೆಟ್ರೋದಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿ, ಗೇಟು ಮುಟ್ಟಿಸಿ ವಾಪಸು ಕರೆತಂದಿದ್ದರು. ಗೇಟು ಮುಟ್ಟಿ ಬಂದವರಿಗೆ ಅವತ್ತು ಕಾಲು ನಡುಗುವುದಿಲ್ಲವಂತೆ. ಪರೀಕ್ಷೆಯ ದಿನ ನಾನೂ ಮೇಡಂ ಇಬ್ಬರೂ ಹೊರಗೆ ಬಿಸಿಲಲ್ಲಿ ಒಂದೇ ಕೊಡೆಯಡಿ ನಿಂತಿದ್ದೆವು. ಮುಗಿದಾಗ ರೇಖಾ ಓಡಿಕೊಂಡೇ ಬಂದಳು.

"ಅಕ್ಕ, ಮೊಸಳೆ ಬಂದಿತ್ತು ಕಣೇ! ನಮ್ಮ ಮೇಡಂ ಪೇಪರಲ್ಲಿ ಇದ್ದಿದ್ದೇ. ಕಣ್ಣು ಮುಚ್ಕೊಂಡು ಮೂರು ಅಂತ ಹಾಕ್ದೆ."

"ನೋಡ್ದ್ಯಾ, ಕೂತಿದ್ದಕ್ಕೂ ಸಾರ್ಥಕ" ಎಂದು ಮೇಡಂ ಅವಳ ಬೆನ್ನು ಚಪ್ಪರಿಸಿದರು. ಅಲ್ಲಿದ್ದ ಮೂವರಲ್ಲಿ ಮೊಸಳೆಯ ಹೃದಯದ ವಿಷಯ ಸರಿಯಾಗಿ ಗೊತ್ತಿದ್ದವಳು, ಒಂಬತ್ತನೇ ಕ್ಲಾಸು ಎರಡು ಸಲ ಫೇಲಾದ ನಾನು. ಮೆಟ್ರೋದಲ್ಲಿ ಕೂರಲು ಜಾಗವಿದ್ದರೂ ವಿಜಯನಗರದವರೆಗೆ ನಿಂತೇ ಬಂದೆ.

ರಿಸಲ್ಟ್ ಬಂತು. ಸರ್ಕಾರಿ ಸೀಟಿಗೆ ಸಾಲದು. ಪ್ರೈವೇಟ್ ಸೀಟು ನಮ್ಮ ಮನೆಯಲ್ಲಿ ಮಾತಾಡುವ ವಿಷಯವೇ ಅಲ್ಲ. ಅಮ್ಮ ದೇವರನ್ನು ಬೈದಳು, ರೇಖಾ ತನ್ನನ್ನು ತಾನು ಬೈದುಕೊಂಡಳು. ನಾನು ಯಾರನ್ನು ಬೈಯುವುದೆಂದು ತಿಳಿಯದೆ ಅವತ್ತು ಮೂರು ತೋಳುಗಳನ್ನು ತಿರುವುಮುರುವು ಹೊಲಿದೆ.

ಎರಡು ದಿನ ಬಿಟ್ಟು ಮೇಡಂ ಅಂಗಡಿಗೆ ಬಂದರು. ಕಂಕುಳಲ್ಲಿ ಹಳೆಯ ಹಾಳೆಗಳ ಕಟ್ಟು. ಹೊಸ ಕನ್ನಡಕ ಹಾಕಿದ್ದರು. ಪೊರೆ ತೆಗೆಸಿ ಸ್ವಲ್ಪ ದಿನವಾಗಿತ್ತು. ಕತ್ತರಿಸುವ ಮೇಜಿನ ಮೇಲಿಂದ ಬಟ್ಟೆ ಸರಿಸಿ, ರೇಖಾಳ ಹಾಳೆ ಹರಡಿ, ಅದರ ಮೇಲೆ ನನ್ನದೇ ರಟ್ಟು ಇಟ್ಟರು. ಆಮೇಲೆ ರಟ್ಟು ಎತ್ತಿದರು. ಇನ್ನೊಂದು ವಾರದ ಹಾಳೆ, ಆ ವಾರದ ರಟ್ಟು. ಮತ್ತೆ ಎತ್ತಿದರು. ನಾನು ಟೇಪನ್ನು ಸುತ್ತುತ್ತ, ಬಿಚ್ಚುತ್ತ, ಸುತ್ತುತ್ತ ನಿಂತಿದ್ದೆ.

"ಪರೀಕ್ಷೆ ದಿನ ಅಂದ್ರೆ ಸ್ವಲ್ಪ ಇಳಿಯುತ್ತೆ, ನಂಗೊತ್ತು. ಇಷ್ಟು ಇಳಿಯಲ್ಲ. ಅದಕ್ಕೇ ನೋಡ್ದೆ" ಎಂದರು.

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಮೈದಾನದ ಆ ತುದಿಗೆ ಕೇಳಿಸುವ ದನಿ ಅವರದು. ಆದರೆ ಸ್ಟೂಲಿನ ಮೇಲೆ ಕೂತು, ಷೂವಿನ ಲೇಸು ಬಿಚ್ಚಿ, ಮತ್ತೆ ಕಟ್ಟಿಕೊಂಡು, ಒಂದು ಹುಡುಗಿಯ ಕತೆ ಹೇಳಿದರು. ಅವರ ಶಾಲೆಯಲ್ಲಿ ಚೆನ್ನಾಗಿ ಓಡುತ್ತಿದ್ದ ಹುಡುಗಿ. ಮನೆಯಲ್ಲಿ ಅವಳನ್ನು ಆಟ ಬಿಡಿಸುತ್ತೇವೆ ಎಂದಿದ್ದರು. ಅವಳು ಕುಗ್ಗದಿರಲೆಂದು ಮೇಡಂ ಸ್ಟಾಪ್‌ವಾಚನ್ನು ಬೇಗ ಒತ್ತಿ, ಓಡಿದ್ದಕ್ಕಿಂತ ಕಡಿಮೆ ಸಮಯ ಬರೆದುಕೊಂಡರು. ಜಿಲ್ಲಾ ಮಟ್ಟದ ಓಟದಲ್ಲಿ ಅವಳು ಕಡೆಯವಳಾಗಿ ಬಂದಳು. ಬಂದು, "ಮಿಸ್, ನಾನು ಅಷ್ಟೇ ಜೋರಾಗಿ ಓಡ್ದೆ, ಯಾಕೆ ಹಿಂಗಾಯ್ತು?" ಎಂದು ಕೇಳಿದಳಂತೆ.

"ನೀವೇನಂದ್ರಿ ಮೇಡಂ?"

"ಗಾಳಿ ಎದುರಿತ್ತು ಅಂದೆ." ಹಾಳೆಗಳನ್ನು ಮತ್ತೆ ಕಟ್ಟಿಗೆ ಸೇರಿಸಿದರು. "ಆಮೇಲೆ ಅವಳು ಸಿಗಲೇ ಇಲ್ಲ, ಹೇಳೋಕೆ. ನಿನ್ನ ತಂಗಿ ಮನೇಲೇ ಇದಾಳೆ. ನೀನು ಹೇಳು. ನಾನು ಬಾಯಿ ಬಿಡಲ್ಲ."

ಹೇಳುತ್ತೇನೆ ಎಂದೆ. ಹೇಳಲಿಲ್ಲ.

ರೇಖಾ ಇನ್ನೊಂದು ವರ್ಷ ಓದಿ ಬರೆಯುವುದೆಂದಾಯಿತು. ತಿದ್ದುವ ಕೆಲಸವನ್ನು ಮೇಡಂ ನನ್ನಿಂದ ಕಿತ್ತುಕೊಳ್ಳಲಿಲ್ಲ, ಅದೇ ದೊಡ್ಡ ಶಿಕ್ಷೆ. ಈ ಸಲ ರಟ್ಟನ್ನು ಪೂರ್ತಿ ಎತ್ತಿದೆ. ಕಂಡ ತಪ್ಪಿಗೆಲ್ಲ ಕೆಂಪು ಸುತ್ತಿದೆ. ಮೊದಲ ವಾರವೇ ಅವಳ ಅಂಕ ಮೆಟ್ಟಿಲಿನಿಂದ ಉರುಳಿದ ಹಾಗೆ ಕೆಳಗೆ ಬಂತು. ಅವಳು ಹಾಳೆ ಹಿಡಿದು ಮೇಡಂ ಮುಂದೆ ನಿಂತಳು. ಹೋದ ವರ್ಷ ಅಷ್ಟು ಬರುತ್ತಿತ್ತು, ಒಂದು ವರ್ಷ ಓದಿದವಳಿಗೆ ಇಷ್ಟು ಹೇಗೆ ಇಳಿಯಿತು ಎಂದು ಕೇಳಿದಳು. ನಾನು ಅಲ್ಲೇ ಮಿಷನ್ನಿನ ಹಿಂದೆ ಇದ್ದೆ. ಮೇಡಂ ನನ್ನ ಕಡೆ ನೋಡಿದರು. ಬಾಬಿನ್‌ಗೆ ದಾರ ಸುತ್ತುವುದಿದೆ ಎಂದು ನಾನು ತಲೆ ಬಗ್ಗಿಸಿದೆ.

"ಹೋದ್ವರ್ಷ ನಾನೇ ಸಲೀಸು ಪೇಪರ್ ತಂದಿದ್ದೆ ಕಣೇ, ನಿಮಗೆ ಧೈರ್ಯ ಬರ್ಲಿ ಅಂತ. ತಪ್ಪು ನಂದೇ. ಈ ಸಲದ್ದು ಗಟ್ಟಿ" ಎಂದರು ಮೇಡಂ.

ಆಮೇಲಿನ ಭಾನುವಾರಗಳಲ್ಲಿ ನಾನು ಮಿಷನ್ ಹೊತ್ತು ಒಳಗೆ ಬಂದರೆ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಆಯ್ತಾ?" ಮಕ್ಕಳು ಬ್ಲೌಸಿನ ವಿಷಯವೆಂದುಕೊಂಡಿದ್ದರು. "ಇನ್ನೂ ಇಲ್ಲ ಮೇಡಂ" ಎನ್ನುತ್ತಿದ್ದೆ. ಪರೀಕ್ಷೆ ಹತ್ತಿರ ಬಂತು, ಅವಳ ಮನಸ್ಸು ಕೆಡುವುದು ಬೇಡ ಎಂದುಕೊಂಡೆ. ಪರೀಕ್ಷೆ ಮುಗಿಯಿತು, ರಿಸಲ್ಟ್ ಬರಲಿ ಎಂದುಕೊಂಡೆ. ರಿಸಲ್ಟ್ ಬಂತು. ಬೆಂಗಳೂರಿನ ಹೊರಗೆ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಇಂಥ ಖುಷಿಯಲ್ಲಿ ಯಾಕೆ ಎಂದುಕೊಂಡೆ. ಬ್ಲೌಸು ತಡವಾದಾಗ ಗಿರಾಕಿಗಳಿಗೆ ಹೇಳುವ ನೆಪಗಳಲ್ಲಿ ಕೂಡ ಇಷ್ಟು ಬಗೆ ನನ್ನ ಹತ್ತಿರ ಇರಲಿಲ್ಲ.

ರೇಖಾ ಹಾಸ್ಟೆಲಿಗೆ ಹೋದ ಮೇಲೂ ಭಾನುವಾರದ ವಿಜಲ್ ನಿಲ್ಲಲಿಲ್ಲ, ಬೇರೆ ಮಕ್ಕಳು ಬಂದರು. ಈ ವರ್ಷ ನಿಂತಿತು. ಮೇಡಂಗೆ ಕಾಯಿಲೆ ಬಲಿತು ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದೆ. ಅಷ್ಟು ಎತ್ತರದ ಹೆಂಗಸು ಹೊದಿಕೆಯ ಕೆಳಗೆ ಇದ್ದಾರೋ ಇಲ್ಲವೋ ಎನ್ನುವ ಹಾಗಿದ್ದರು. ಕ್ಯಾನ್ವಾಸ್ ಷೂ ಮಂಚದ ಕೆಳಗೆ ಜೋಡಿಸಿಟ್ಟಿತ್ತು. ನನ್ನನ್ನು ಗುರುತು ಹಿಡಿದರು.

"ಆಯ್ತಾ?"

"ಆಯ್ತು ಮೇಡಂ" ಎಂದೆ.

ಅವರು ಕಣ್ಣು ಮುಚ್ಚಿ ನಕ್ಕರು. ನೆಮ್ಮದಿಯಿಂದಲೋ, ನಂಬದೆಯೋ ನನಗೆ ಗೊತ್ತಿಲ್ಲ. ಬದುಕಿನಲ್ಲಿ ನಾನು ಹೊಲಿದ ಎಲ್ಲಕ್ಕಿಂತ ಕೆಟ್ಟ ಹೊಲಿಗೆ ಅದು, ಮತ್ತು ಬಿಚ್ಚಲು ಬಾರದ್ದು.

ಮೇಡಂ ತೀರಿಕೊಂಡ ಹನ್ನೊಂದನೇ ದಿನ ಹಳೆಯ ಮಕ್ಕಳೆಲ್ಲ ಬಂದಿದ್ದರು. ರೇಖಾಳೂ ರಜೆ ಹಾಕಿ ಬಂದಳು. ಊಟದ ಎಲೆಯ ಮುಂದೆ ಕೂತು ಒಬ್ಬೊಬ್ಬರೂ ಒಂದೊಂದು ನೆನೆಸಿಕೊಂಡರು: ಕುಂಟು ಬೆಂಚು, ಮೊಸರನ್ನ, ಟೀವಿಯ ಸದ್ದು. ರೇಖಾ ಪ್ರೀತಿಯಿಂದಲೇ ಹೇಳಿದಳು. ಮೇಡಂ ದೊಡ್ಡ ಮನಸ್ಸಿನವರು, ಆದರೆ ಮೊದಲನೇ ವರ್ಷ ಸಲೀಸು ಪೇಪರ್ ಕೊಟ್ಟು ತನ್ನದೊಂದು ವರ್ಷ ಹಾಳು ಮಾಡಿದರು, ಪಾಪ ಅವರಿಗೆ ಸಬ್ಜೆಕ್ಟ್ ಗೊತ್ತಿರಲಿಲ್ಲವಲ್ಲ ಎಂದು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನನ್ನ ಎಲೆಗೆ ಆಗಷ್ಟೇ ಹೋಳಿಗೆ ಬಿದ್ದಿತ್ತು.

ಮೇಡಂ ನೆನಪಿಗೆ ಮಕ್ಕಳೆಲ್ಲ ಸೇರಿ ಒಂದು ಚಿಕ್ಕ ಪುಸ್ತಕ ಮಾಡುತ್ತಾರಂತೆ. ಬರೆದದ್ದನ್ನು ಒಟ್ಟು ಮಾಡುವವಳು ರೇಖಾ. "ನೀನೂ ಬರಿ ಅಕ್ಕ, ಆ ರಟ್ಟಿನ ಬಗ್ಗೆ ಬರಿ, ಚೆನ್ನಾಗಿರುತ್ತೆ" ಎಂದಳು.

ಬರೆದೆ. ಇಲ್ಲಿಯವರೆಗೆ ಬರೆದು ಅವಳ ಕೈಗೆ ಕೊಟ್ಟು, ಅಮ್ಮನ ಜೊತೆ ತರಕಾರಿಗೆಂದು ಹೊರಟುಬಿಟ್ಟೆ. ಬೇಕಾಗಿದ್ದದ್ದು ಬರೀ ಕೊತ್ತಂಬರಿ ಸೊಪ್ಪು. ವಿಜಯನಗರದ ಮಾರ್ಕೆಟ್ಟನ್ನು ಒಂದು ಸುತ್ತು ಪೂರ್ತಿ ಹಾಕಿಸಿದೆ. ಅಮ್ಮನಿಗೆ ಮಂಡಿನೋವು.

ಬಂದಾಗ ರೇಖಾ ಅಂಗಡಿಯ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಒಂದು ವರ್ಷ ಅಕ್ಕ" ಎಂದಳು. "ಒಂದು ವರ್ಷ ನಾನು ಮೇಡಂನ ಮನಸ್ಸಲ್ಲೇ ಬೈಕೊಂಡು ಓದ್ದೆ."

ನಾನು ಏನೋ ಹೇಳಲು ಹೋದೆ. ಅವಳು ಹಾಳೆಗಳನ್ನು ನನ್ನ ಮಿಷನ್ನಿನ ಮೇಲಿಟ್ಟು ಒಳಗೆ ಹೋದಳು. ಮಾರನೇ ದಿನ ಬೆಳಿಗ್ಗೆ ಹಾಸ್ಟೆಲಿಗೆ ಹೊರಡುವಾಗಲೂ ಬಾಗಿಲಲ್ಲಿ ನನ್ನ ಕಡೆ ತಿರುಗಲಿಲ್ಲ. ಅಮ್ಮನಿಗೆ ಮಾತ್ರ ಹೋಗಿಬರುತ್ತೇನೆಂದಳು.

ಅವಳು ಹೋದ ಮೇಲೆ ಹಾಳೆಗಳನ್ನು ತೆಗೆದು ನೋಡಿದೆ. ನನ್ನ ಮೇಜಿನ ಡಬ್ಬದಲ್ಲಿದ್ದ ಅದೇ ಕೆಂಪು ಪೆನ್ನು ತೆಗೆದುಕೊಂಡಿದ್ದಳು. ಉದ್ದಕ್ಕೂ ಹುಡುಕಿದೆ, ಮೊದಲಿಗೆ ಏನೂ ಕಾಣಲಿಲ್ಲ. ನನ್ನ ಸುಳ್ಳುಗಳನ್ನು ನಾನೇ ಒಪ್ಪಿಕೊಂಡ ಕಡೆಯೆಲ್ಲ ಸುಮ್ಮನೆ ಬಿಟ್ಟಿದ್ದಳು. ಒಂದೇ ಒಂದು ಕಡೆ ಕೆಂಪು ಸುನ್ನೆ. "ಅವಳ ಮೇಲಿನ ಕರುಣೆಯಿಂದ ನಾನು ಹಾಗೆ ಮಾಡಿದೆ" ಎಂಬ ಸಾಲಿನ ಸುತ್ತ, ದೊಡ್ಡದು. ಪಕ್ಕದಲ್ಲಿ ಏನೂ ಬರೆದಿರಲಿಲ್ಲ. ಮೇಡಂ ಕೈಯಲ್ಲಿ ಕಲಿತ ಹುಡುಗಿ, ಬಿದ್ದ ಜಾಗ ತೋರಿಸಿದ್ದಳು, ಎತ್ತಿರಲಿಲ್ಲ.

ಆ ಸಾಲನ್ನು ಹೊಡೆದುಹಾಕಿಲ್ಲ. ಪುಸ್ತಕದಲ್ಲೂ ಹಾಗೇ ಇರಲಿ. ಪಾಠಕ್ಕೆ ಮತ್ತೆ ಹೋಗಿ ಉತ್ತರ ಹುಡುಕಲು ನನಗೆ ವಾರ ಹಿಡಿಯಿತು. ಸರಿಯುತ್ತರ ಇದು: ಸೋಮವಾರ ಬೆಳಿಗ್ಗೆ ಗಿರಾಕಿಗಳು ಬಂದು, ತಂಗಿಗೆ ಎಷ್ಟು ಬಂತು ಎಂದು ಕೇಳುತ್ತಿದ್ದರು. ಕಡಿಮೆ ಹೇಳಲು ನನಗೆ ನಾಚಿಕೆಯಾಗುತ್ತಿತ್ತು.

ಆಯ್ತು ಮೇಡಂ.